ಗೇಟಿನ ಬೆಲ್ಲೂ ಸೊಸೆಯ ಹೈಪರ್‌ವೈಸರೂ

ಇಬ್ಬರ ನಡುವೆ ಸ್ವಲ್ಪ ಜಾಗ ಕಂಡರೆ ಸಾಕು, ನಾನು ಹೋಗಿ ಅಲ್ಲಿ ನಿಲ್ಲುತ್ತೇನೆ. ಅದು ನನ್ನ ಸ್ವಭಾವವೂ ಹೌದು, ಹೊಟ್ಟೆಪಾಡೂ ಹೌದು. ಬಸ್ಸಿನಲ್ಲಿ ಇಬ್ಬರು ಕಿಟಕಿಯ ಸೀಟಿಗಾಗಿ ಜಗಳಕ್ಕೆ ಬಿದ್ದರೆ ಕರೆಯದಿದ್ದರೂ ಎದ್ದು ಹೋಗಿ ರಾಜಿ ಮಾಡಿಸಿ, ಕೊನೆಗೆ ಕಿಟಕಿಯ ಪಕ್ಕ ನಾನೇ ಕುಳಿತದ್ದುಂಟು. ಹಳೆಯ ಟ್ರ್ಯಾಕ್ಟರು, ಭತ್ತ ಕೊಯ್ಯುವ ಹಳೆಯ ಮಷಿನ್ನು, ಇವುಗಳನ್ನು ಮಾರುವವನಿಗೂ ಕೊಳ್ಳುವವನಿಗೂ ಗಂಟು ಹಾಕುವುದು ನನ್ನ ಕಸುಬು. ಮಾನ್ವಿಯ ಕಡೆ ಕಾಲುವೆಯಲ್ಲಿ ನೀರು ಹರಿಯುತ್ತಿರುವ ತನಕ ನನಗೆ ಕೆಲಸಕ್ಕೆ ಬರವಿಲ್ಲ. ಅರಕೇರಾದಿಂದ ಬರಿಗೈಯಲ್ಲಿ ಬಂದವನು ರಾಯಚೂರಿನಲ್ಲಿ ಎರಡಂತಸ್ತಿನ ಮನೆ ಕಟ್ಟಿದ್ದು ಈ ಬಾಯಿಯಿಂದಲೇ. ನನ್ನ ಬಾಯಿ ಎಂಥದ್ದೆಂದರೆ, ಮಾನ್ವಿ ಬಸ್‌ಸ್ಟ್ಯಾಂಡಿನ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ಹೊರಟ ಬಸ್ಸು ನಿಲ್ಲುತ್ತದೆ. ಇಷ್ಟು ಹೇಳಿದ ಮೇಲೆ ನಿಮಗೊಂದು ಬುದ್ಧಿಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹಳೆಯ ಟ್ರ್ಯಾಕ್ಟರ್ ನೋಡಲು ಹೋದಾಗ ಬಣ್ಣ ನೋಡಬೇಡಿ, ಕ್ಲಚ್ಚಿನ ಪೆಡಲು ನೋಡಿ. ಬಣ್ಣ ಮಾಲೀಕನ ಪರವಾಗಿ ಮಾತಾಡುತ್ತದೆ, ಸವೆದ ಪೆಡಲು ಟ್ರ್ಯಾಕ್ಟರಿನ ಪರವಾಗಿ ಮಾತಾಡುತ್ತದೆ. ಇನ್ನೊಂದು ಮಾತು: ಮಾಲಿನ ಗುಣ ಪೂರಾ ತಿಳಿಯುವ ತನಕ ಅದರ ವಿಷಯಕ್ಕೆ ಬಾಯಿ ಹಾಕಬೇಡಿ. ಈ ಎರಡನೆಯ ಮಾತನ್ನು ಊರಿಗೆಲ್ಲ ಹೇಳುವ ನಾನು ನನ್ನ ಮನೆಯಲ್ಲೇ ಮರೆತೆ. ಅದರ ಕಥೆಯೇ ಇದು.

ನನ್ನ ಸೊಸೆ ಸುಜಾತಾ ದೇವದುರ್ಗದವಳು. ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಕುಳಿತು, ಎಲ್ಲೋ ಇರುವ ಕಂಪನಿಗೆ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಮಗ ಮಲ್ಲಿಕಾರ್ಜುನ ಮಾನ್ವಿಯ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬಸ್ಸಿಗೆ ತಿರುಗಿ ಬರುತ್ತಾನೆ. ಅವರ ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಸೊಸೆ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ "ಕಂಪ್ಯೂಟರ್" ಎಂದು ಹೇಳಿ ಬೇರೆ ಮಾತಿಗೆ ಹೊರಳುತ್ತಿದ್ದೆ. ಆದರೆ ಒಂದು ದಿನ ಮಾನ್ವಿಯ ಚಹದ ಹೋಟೆಲಿನಲ್ಲಿ ಅಕ್ಕಿ ಗಿರಣಿಯವನೊಬ್ಬ ಬಿಡಲಿಲ್ಲ. "ಕಂಪ್ಯೂಟರಿನ್ಯಾಗ ಏನು? ನನ್ನ ತಮ್ಮನ ಮಗಾನೂ ಕಂಪ್ಯೂಟರ್ ಅಂತಾನ, ಅಂವ ಬರೇ ಆಟ ಆಡತಾನ" ಎಂದುಬಿಟ್ಟ. ನಾಲ್ಕು ಜನರ ಮುಂದೆ ನನ್ನ ಬಾಯಿ ಕಟ್ಟಿದ್ದು ಅದೇ ಮೊದಲು. ಮನೆಗೆ ಬಂದವನೇ ಸೊಸೆಯನ್ನು ಕರೆದು ಪಡಸಾಲೆಯಲ್ಲಿ ಕೂಡಿಸಿಕೊಂಡೆ.

"ಯವ್ವಾ, ನಿನ್ನ ಕೆಲಸ ಏನು ಅಂತ ನನಗ ತಿಳಿಯೋಹಂಗ ಹೇಳಿಬಿಡು. ನಾನು ಯಾರಿಗೂ ಮಾರಂಗಿಲ್ಲ."

ಅವಳು ಶುರು ಮಾಡಿದಳು. "ಮಾವಾರ, ಒಂದು ದೊಡ್ಡ ಮಷಿನ್ ಅದ ಅನ್ಕೋರಿ. ಅದರೊಳಗ ಸಣ್ಣ ಸಣ್ಣ ಮಷಿನ್ ಭಾಳ ಇರ್ತಾವು. ಖರೇ ಅಲ್ಲ, ಇದ್ದಂಗ ಇರ್ತಾವು."

"ಇದ್ದಂಗ ಅಂದ್ರ? ಅದಾವೋ ಇಲ್ಲೋ?"

"ಅದಾವ್ರಿ. ಆದ್ರ ಮುಟ್ಟಾಕ ಹೋದ್ರ ಇಲ್ಲ."

ಇಂಥ ಮಾಲು ನನಗೆ ಹೊಸದಲ್ಲ. ಕಾಗದಪತ್ರವೆಲ್ಲ ಸರಿಯಾಗಿದ್ದು ಟ್ರ್ಯಾಕ್ಟರು ಮಾತ್ರ ಇಲ್ಲದ ಮಾರಾಟಗಳನ್ನು ನಾನು ನೋಡಿದ್ದೇನೆ. ಆದರೆ ಅಂಥ ಕೆಲಸ ಮಾಡಿದವರು ಊರು ಬಿಟ್ಟು ಓಡುತ್ತಾರೆ, ಇವಳಿಗೆ ನೋಡಿದರೆ ತಿಂಗಳಿಗೆ ಸರಿಯಾಗಿ ಪಗಾರ ಬರುತ್ತದೆ. ಮುಂದೆ ಹೇಳು ಎಂದೆ.

"ಆ ಸಣ್ಣ ಮಷಿನ್‌ಗೆ ನಾವು ಗೆಸ್ಟ್ ಅಂತೀವ್ರಿ. ಒಂದೊಂದು ಗೆಸ್ಟಿಗೂ ಇಡೀ ಮಷಿನ್ ತನ್ನದೇ ಅಂತ ಅನಸ್ತದ. ತಾನು ಗೆಸ್ಟ್ ಅನ್ನೋದು ಅದಕ್ಕ ಗೊತ್ತೇ ಇರಂಗಿಲ್ಲ."

ಇದೊಂದು ಮಾತು ಮಾತ್ರ ನನಗೆ ಗುಂಡು ಹೊಡೆದಂತೆ ತಿಳಿಯಿತು. ನಾನೂ ಅವಳೂ ಒಟ್ಟಿಗೆ ತೂಗುಮಂಚದ ಕಡೆ ನೋಡಿದೆವು. ಅಲ್ಲಿ ನನ್ನ ಹೆಂಡತಿಯ ತಮ್ಮ ನಿಂಗಪ್ಪ ಕಾಲು ಚಾಚಿ ಮಲಗಿದ್ದ. ಗೂಗಲ್ ಊರಿನವನು. ಗೂಗಲ್ ಎಂದರೆ ನಿಮ್ಮ ಮೊಬೈಲಿನದಲ್ಲ, ಕೃಷ್ಣೆಯ ದಂಡೆಯ ಮೇಲೆ ಅಲ್ಲಮಪ್ರಭುವಿನ ಗುಡಿ ಇರುವ ಗೂಗಲ್. ಕಣ್ಣು ತೋರಿಸಲೆಂದು ರಾಯಚೂರಿಗೆ ಬಂದವನಿಗೆ ಡಾಕ್ಟರು "ಕಣ್ಣು ಚೆನ್ನಾಗಿವೆ" ಎಂದರು. ಆ ಸಂತೋಷಕ್ಕೆ ಉಳಿದವನು ಇನ್ನೂ ಉಳಿದಿದ್ದಾನೆ. ಸಾರಿಗೆ ಉಪ್ಪು ಕಡಿಮೆಯಾದರೆ ಮನೆಯಲ್ಲಿ ಮೊದಲು ದನಿ ಎತ್ತುವವನು ಅವನೇ.

"ಈ ಗೆಸ್ಟ್‌ಗಳಿಗೂ ದೊಡ್ಡ ಮಷಿನ್‌ಗೂ ನಡುವೆ ಕುಂತು ಯಾರಿಗೆ ಎಷ್ಟು ಅಂತ ಹಂಚೋದು ಹೈಪರ್‌ವೈಸರ್" ಎಂದಳು ಸುಜಾತಾ.

"ಅಂದ್ರ ದಲ್ಲಾಳಿ."

"ಹೂಂ... ಒಂಥರಾ ದಲ್ಲಾಳೀನ ರೀ."

ಎದೆ ಉಬ್ಬಿತು. ನನ್ನ ಕಸುಬು ಇಷ್ಟು ದೂರ ಹೋಗಿ ಯಂತ್ರದ ಒಳಗೂ ಅಂಗಡಿ ತೆರೆದಿದೆ ಎಂದು ಯಾರಿಗೆ ಗೊತ್ತಿತ್ತು. ಅವಳು ಮುಂದುವರಿಸಿದಳು. ಹೊರಗಿನಿಂದ ಏನಾದರೂ ಸುದ್ದಿ ಬಂದರೆ, ಕೆಲಸದಲ್ಲಿ ಮುಳುಗಿದ ಪ್ರೊಸೆಸರನ್ನು, ಅಂದರೆ ಮಷಿನ್ನಿನ ಮಿದುಳನ್ನು, ತಡೆದು "ಇಲ್ಲಿ ನೋಡು" ಎನ್ನುವುದಕ್ಕೆ ಇಂಟರಪ್ಟ್ ಎನ್ನುತ್ತಾರಂತೆ. ಬಾಗಿಲ ಬೆಲ್ಲಿನ ಹಾಗೆ. ಯಾವ ಬೆಲ್ಲು ಯಾವ ಗೆಸ್ಟಿಗೆ ಎಂಬುದಕ್ಕೆ ದಲ್ಲಾಳಿಯ ಹತ್ತಿರ ಒಂದು ಪಟ್ಟಿ ಇರುತ್ತದೆ. ಬೆಲ್ಲಾದಾಗಲೆಲ್ಲ ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತ ಕುಳಿತರೆ ಹೊತ್ತು ಹೋಗುತ್ತದೆ. ಅದಕ್ಕೆ, ಅಂಚೆ ಕಚೇರಿಯಲ್ಲಿ ಊರಿಗೊಂದು ಗೂಡು ಮಾಡಿಟ್ಟಂತೆ, ನಂಬರು ನೋಡಿದ ಕೂಡಲೇ ನೆಟ್ಟಗೆ ಅದೇ ಗೂಡಿಗೆ ಕೈ ಹೋಗುವ ಹಾಗೆ ಮಾಡುವುದು ಅವಳ ಕೆಲಸ.

"ಇದರಿಂದ ಎಷ್ಟು ಹೊತ್ತು ಉಳೀತದ?" ಎಂದೆ. ಚೌಕಾಸಿ ಮಾಡುವವನು ಕೇಳಲೇಬೇಕಾದ ಪ್ರಶ್ನೆ.

"ಕಣ್ಣು ಮುಚ್ಚಿ ತಗಿಯೋದ್ರಾಗ ಲಕ್ಷ ಸರ್ತಿ ಮಾಡಿ ಮುಗಿಸಬಹುದು, ಅಷ್ಟು ಸಣ್ಣದು ಮಾವಾರ."

ನಮ್ಮ ಮಾನ್ವಿಯಲ್ಲಿ ಒಂದು ವ್ಯವಹಾರಕ್ಕೆ ಕುಳಿತರೆ ಮಳೆ ಬೆಳೆ, ಬೀಗರ ಕ್ಷೇಮ, ಸೊಂಟನೋವು ಎಲ್ಲ ಮುಗಿದು ಟ್ರ್ಯಾಕ್ಟರಿನ ಮಾತಿಗೆ ಬರುವಷ್ಟರಲ್ಲಿ ಎರಡು ಸುತ್ತು ಚಹವಾಗಿರುತ್ತದೆ. ಇಷ್ಟು ಅವಸರ ಯಾರಿಗೆ, ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ಒಪ್ಪಿಕೊಂಡರೆ ವ್ಯಾಪಾರ ಕೆಡುತ್ತದೆ. ಅದಕ್ಕೆ, "ಹಂಗಾದ್ರ ಗೂಡು ಮಾಡಿ ಹಾಕಿಬಿಡು, ಮುಗೀತಲ್ಲ" ಎಂದು ಸಲಹೆ ಕೊಟ್ಟೆ.

"ಪಟ್ಟಿ ಬದಲಾಕ್ಕೋತ ಇರ್ತದ್ರಿ. ಬದಲ ಮಾಡೋ ಮುಂದ ಓದೋರನ್ನ ನಿಲ್ಲಿಸಿದ್ರ ಎಲ್ಲಾನೂ ನಿಂತು ಬಿಡ್ತದ. ನಿಲ್ಲಿಸದಿದ್ರ ಅರ್ಧ ಹಳೇದು ಅರ್ಧ ಹೊಸದು ಓದಿ ತಪ್ಪು ಮನಿಗೆ ಹೋಗ್ತಾರ."

ಇದು ನನಗೆ ಗೊತ್ತಿದ್ದ ಸಂಗತಿ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಪೇಂಟರನೊಬ್ಬ ಏಣಿಯ ಮೇಲೆ ನಿಂತು ಬೋರ್ಡಿನ ಊರುಗಳ ಹೆಸರು ಅಳಿಸಿ ಬರೆಯುತ್ತಿದ್ದಾಗ, ಕೆಳಗೆ ನಿಂತ ಜನ ಅರ್ಧ ಹೆಸರು ಓದಿ ಎಲ್ಲೆಲ್ಲಿಗೋ ಹೋಗಿದ್ದರು. "ಹೊಸಾ ಬೋರ್ಡ್ ಮನ್ಯಾಗ ಕುಂತು ಬರೀಬೇಕು. ಬರದು, ಒಣಗಿಸಿ, ತಂದು ಒಮ್ಮೆಲೇ ನೇತು ಹಾಕಬೇಕು" ಎಂದೆ.

ಸುಜಾತಾ ನನ್ನನ್ನೇ ನೋಡಿದಳು. "ಮಾವಾರ, ನಾವು ಮಾಡೋದೂ ಅದನ್ನ."

ಆ ಮಾತಿನ ಮೇಲೆ ನನಗೆ ಎರಡು ದಿನ ನೆಲ ಕಾಣಲಿಲ್ಲ. ಆದರೆ ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಹಳೇ ಬೋರ್ಡ್ ಯಾವಾಗ ತಗೀತೀರಿ ಹೇಳ್ರಿ?" ಎಂದಳು.

"ಹೊಸದು ಹಾಕಿದ ಕೂಡ್ಲೇ."

"ಹಂಗ ತಗಿಯಾಕ ಬರಂಗಿಲ್ಲ. ಅದನ್ನ ಓದ್ಕೋತ ನಿಂತವ್ರು ಇರ್ತಾರಲ್ಲ. ಅವ್ರೆಲ್ಲಾ ಓದಿ ಮುಗಿಸಿ ಹೋಗೋ ತನಕ ಹಳೇದನ್ನೂ ಇಡಬೇಕು."

"ಒಬ್ಬ ಓದಾಕ ಬರದಾಂವ ದಿನವಿಡೀ ಅದರ ಮುಂದೇ ನಿಂತ್ರ?"

"ಅದೇ ನಮ್ಮ ತಲಿನೋವು" ಎಂದು ನಕ್ಕು ಮೇಲೆ ಹೋದಳು. ಯಾವ ತಲೆನೋವು, ಅದಕ್ಕೆ ಯಾಕೆ ನಗು, ನನಗೆ ತಿಳಿಯಲಿಲ್ಲ.

ಈಗ ನಮ್ಮ ಮನೆಯ ಬೆಲ್ಲಿಗೆ ಬರುತ್ತೇನೆ. ಗೇಟಿಗೆ ಇದ್ದದ್ದು ಒಂದೇ ಬೆಲ್ಲು. ಬೆಲ್ಲಾದರೆ ಅದು ಯಾರಿಗಾಗಿ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲವಾದ್ದರಿಂದ ಎಲ್ಲರೂ ಮಾತಾಡುತ್ತಿದ್ದೆವು. ತೂಗುಮಂಚದಿಂದ ನಿಂಗಪ್ಪ "ಯಾರೋ ಬಂದಾರ" ಎನ್ನುವನು, ಏಳುವುದಿಲ್ಲ. ಅಡುಗೆಮನೆಯಿಂದ ನನ್ನ ಹೆಂಡತಿ ಪಾರ್ವತಿ "ಯಾರ್ರೀ ಅದು, ನೋಡ್ರಿ" ಎನ್ನುವಳು. ನಾನು ಗೇಟಿನ ಕಡೆ ಹೋಗುತ್ತ, ಮಹಡಿಯ ಕಡೆ ಮುಖ ಎತ್ತಿ, ಬಸ್ಸು ನಿಲ್ಲಿಸುವ ದನಿಯಲ್ಲಿ "ಸುಜಾತಾ, ನಿನ್ನ ಪಾರ್ಸಲ್ ಇರಬೇಕು ನೋಡು" ಎನ್ನುವೆ. ಹತ್ತಕ್ಕೆ ಒಂಬತ್ತು ಸಲ ಅವಳದ್ದಾಗಿರುತ್ತಿರಲಿಲ್ಲ. ಒಂದು ದಿನ ಅವಳು ಕಂಪನಿಯವರ ಜೊತೆ ಮೀಟಿಂಗಿನಲ್ಲಿದ್ದಾಗ ಈ ಮೂರೂ ದನಿ ಒಂದರ ಮೇಲೊಂದು ಅವಳ ಮ್ಯಾನೇಜರ್ ಕಿವಿಗೆ ಬಿದ್ದವು. ಅದು ಮೊದಲ ಸಲವೂ ಅಲ್ಲ. ಆ ಮನುಷ್ಯ ಮರ್ಯಾದೆಯಿಂದಲೇ ಹೇಳಿದನಂತೆ: ಬರುವ ಶುಕ್ರವಾರ ಮಧ್ಯಾಹ್ನ ನಿಮ್ಮ ಹೊಸ ಪಟ್ಟಿಯನ್ನು ದೊಡ್ಡವರ ಮುಂದೆ ಮಾಡಿ ತೋರಿಸಬೇಕು, ಅಂದೂ ನಿಮ್ಮ ಮನೆಯಲ್ಲಿ ಸಂತೆ ನೆರೆದರೆ ಮುಂದಿನ ತಿಂಗಳಿಂದ ಆಫೀಸಿಗೇ ಬಂದು ಕೂಡಬೇಕಾಗುತ್ತದೆ. ಆಫೀಸೆಂದರೆ ರಾತ್ರಿಯಿಡೀ ರೈಲಿನ ಹಾದಿ. ಅವಳು ಅಲ್ಲಿ ಹಾಸ್ಟೆಲಿನಲ್ಲಿ, ಮಲ್ಲಿಕಾರ್ಜುನ ಇಲ್ಲಿ ಮಾನ್ವಿಯ ಬಸ್ಸಿನಲ್ಲಿ. ಅಂದು ಊಟಕ್ಕೆ ಕುಳಿತಾಗ ಇಬ್ಬರೂ ರೊಟ್ಟಿ ಮುರಿದರೇ ಹೊರತು ತಿನ್ನಲಿಲ್ಲ. ದಿನಾಲೂ ಯಾವುದಾದರೊಂದು ಸೋತ ರಾಜನ ಕಥೆ ಹೇಳುವ ಮಗ ಅಂದು ತಾನೇ ಸೋತವನಂತೆ ಕುಳಿತಿದ್ದ.

"ಬೆಲ್ ತಂದವ್ರು ನೀವು, ಒದರೋರೂ ನೀವು. ನೀವೇ ನೋಡ್ರಿ" ಎಂದಳು ಪಾರ್ವತಿ.

ನೋಡಿದೆ. ಬಜಾರಿಗೆ ಹೋಗಿ, ಅಂಗಡಿಯವನು ಬೇಸತ್ತು "ತಗೊಂಡ ಹೋಗ್ರಿ ಮಾರಾಯ್ರ" ಎನ್ನುವ ತನಕ ಚೌಕಾಸಿ ಮಾಡಿ, ನಾಲ್ಕು ಬೆಲ್ಲು ತಂದೆ. ಸೊಸೆಯ ವಿದ್ಯೆಯನ್ನೇ ಮನೆಗೆ ಅಳವಡಿಸುವುದು ನನ್ನ ಯೋಜನೆ. ಗೇಟಿನ ಕಂಬಕ್ಕೆ ಒಂದು ಬೋರ್ಡು. ಅದನ್ನು ಒಳಗೆ ಕುಳಿತು ಬರೆಯಿಸಿ, ಒಣಗಿಸಿ, ತಂದು ಒಮ್ಮೆಲೇ ನೇತುಹಾಕಿದ್ದು. ಮೇಲೆ ನನ್ನ ಹೆಸರು ಬಸಣ್ಣ, ಕೆಳಗೆ ಪಾರ್ವತಿ, ಅದರ ಕೆಳಗೆ ಮಲ್ಲಿಕಾರ್ಜುನ, ಕೊನೆಗೆ ಸುಜಾತಾ. ಒಂದೊಂದು ಹೆಸರಿಗೆ ಒಂದೊಂದು ಗುಂಡಿ. ನನ್ನದಕ್ಕೆ ಗುಡಿಯ ಗಂಟೆ, ಹೆಂಡತಿಯದಕ್ಕೆ ಗುಬ್ಬಿಯ ಚಿಲಿಪಿಲಿ, ಮಗನದಕ್ಕೆ ರೈಲಿನ ಸೀಟಿ. ಸೊಸೆಯದಕ್ಕೆ ಸಪ್ಪಳವೇ ಇಲ್ಲ, ಅವಳ ಕೋಣೆಯಲ್ಲಿ ಒಂದು ಸಣ್ಣ ಕೆಂಪು ದೀಪ ಹತ್ತುತ್ತದೆ, ಅಷ್ಟೇ. ಬಂದವರು ತಮಗೆ ಬೇಕಾದವರ ಗುಂಡಿ ಒತ್ತಿದರೆ ಉಳಿದವರಿಗೆ ತೊಂದರೆಯಿಲ್ಲ. ನಿಂಗಪ್ಪ ಎದ್ದು ಬಂದು ಬೋರ್ಡನ್ನು ಎರಡು ಸಲ ಓದಿದ.

"ಮಾಮಾ, ನನ್ನ ಹೆಸರು?"

"ನಿನ್ನ ಕೇಳಿ ಯಾರು ಬರ್ತಾರಲೇ?"

"ಬರಬಹುದಲ್ಲ" ಎಂದು ತೂಗುಮಂಚಕ್ಕೆ ಹಿಂತಿರುಗಿದ. ನೊಂದುಕೊಂಡ ಹಾಗೆ ಕಂಡಿತು.

ಮರುದಿನ ಬೆಳಿಗ್ಗೆಯಿಂದ ಗುಡಿಯ ಗಂಟೆ ಶುರುವಾಯಿತು. ಹಾಲಿನವನು ಬಂದರೆ ಗಂಟೆ. ಸಿಲಿಂಡರಿನವನು ಬಂದರೆ ಗಂಟೆ. ಮಲ್ಲಿಕಾರ್ಜುನನ ಸಹೋದ್ಯೋಗಿ ಬಂದರೂ ಗಂಟೆ, ಸುಜಾತಾಳ ಪಾರ್ಸಲ್ ಬಂದರೂ ಗಂಟೆ. ಗುಬ್ಬಿ ಒಮ್ಮೆಯೂ ಕೂಗಲಿಲ್ಲ, ರೈಲು ಬರಲಿಲ್ಲ, ಕೆಂಪು ದೀಪ ಕಣ್ಣು ತೆರೆಯಲಿಲ್ಲ. ವೈರಿಂಗು ತಪ್ಪಿರಬೇಕೆಂದು ನಾನೇ ಎಲ್ಲ ಗುಂಡಿ ಒತ್ತಿ ನೋಡಿದೆ. ಎಲ್ಲ ಸರಿಯಾಗಿದ್ದವು. ಕೊನೆಗೆ ಪಾರ್ಸಲಿನವನನ್ನೇ ಹಿಡಿದು ಕೇಳಿದೆ, "ಅಲ್ಲೋ, ಪಾರ್ಸಲ್ ಮ್ಯಾಲ ಸುಜಾತಾ ಅಂತ ಅದ, ಬೋರ್ಡಿನ ಮ್ಯಾಲೂ ಸುಜಾತಾ ಅಂತ ಅದ. ನನ್ನ ಗುಂಡಿ ಯಾಕ ಒತ್ತಿದಿ?"

"ಹಿರೇರ ಹೆಸರು ಮ್ಯಾಲ ಅದ್ರಿ ಸಾವಕಾರ್ರ. ಅದನ್ನ ದಾಟಿ ಸೊಸಿ ಹೆಸರಿಗೆ ಹೆಂಗ ಕೈ ಹಾಕೋದು?" ಎಂದ. ನಾನು ಏನೋ ಅಡ್ನಾಡಿ ಕೆಲಸ ಮಾಡು ಎಂದವನಂತೆ ನನ್ನನ್ನು ನೋಡಿದ.

ಪಾರ್ವತಿಯನ್ನು ಕಾಣಲು ಬಂದ ಓಣಿಯ ಹೆಣ್ಣುಮಗಳೂ ಅದನ್ನೇ ಹೇಳಿದಳು. "ಅಕ್ಕಾರ ಹೆಸರಿನ ಮ್ಯಾಲ ಬೆರಳಿಟ್ಟು ಒತ್ತೋದಂದ್ರ ಚಂದ ಕಾಣತದೇನ್ರಿ ಅಣ್ಣಾರ?"

ನೋಡಿ, ಇಂಥ ಒಂದು ಸಂಗತಿ ಯಾವ ಅಂಗಡಿಯವನೂ ಹೇಳುವುದಿಲ್ಲ. ನೀವು ಮನೆಗೆ ಬೆಲ್ಲಿನ ಬೋರ್ಡು ಹಾಕಿಸುವುದಾದರೆ ಹಿರಿಯರ ಹೆಸರು ಹಾಕಲೇಬೇಡಿ. ಇಷ್ಟಾದರೂ ತಾಳಬಹುದಿತ್ತು. ಗಂಟೆ ಬಾರಿಸಿ ಬಂದವರನ್ನು ನಾನು ಎದುರುಗೊಂಡ ಮೇಲೆ ಅವರು ಯಾರಿಗಾಗಿ ಬಂದರೆಂದು ತಿಳಿಯಬೇಕಲ್ಲ. ನಮ್ಮ ಕಡೆ ಬಾಗಿಲಲ್ಲೇ ನಿಲ್ಲಿಸಿ "ಏನು ಕೆಲಸ, ಯಾರು ಬೇಕು" ಎಂದು ಕೇಳಿದರೆ ಬಂದವರನ್ನು ಹೊರಗೆ ದಬ್ಬಿದಂತೆ. ಮೊದಲು "ಬರ್ರಿ, ಕೂಡ್ರಿ" ಎನ್ನಬೇಕು, ನೀರು ಕೊಡಬೇಕು, ಚಹ ಕೊಡಬೇಕು, ಕಪ್ಪು ಕೆಳಗಿಟ್ಟ ಮೇಲೆ "ಮತ್ತೇನ್ರಿ ಈ ಕಡೆ" ಎಂದು ಗಾಳಿಗೆ ಕೇಳಿದಂತೆ ಕೇಳಬೇಕು. ಹೀಗಾಗಿ ಸಿಲಿಂಡರಿನವನೂ ಪಡಸಾಲೆಯಲ್ಲಿ ಕುಳಿತು ಚಹ ಕುಡಿದ. ಒಬ್ಬರ ಚಹ ಮುಗಿಯುವಷ್ಟರಲ್ಲಿ ಇನ್ನೊಬ್ಬರ ಗಂಟೆ. ಪಡಸಾಲೆ ತುಂಬಿತು, ಸಕ್ಕರೆ ಡಬ್ಬಿ ಬರಿದಾಯಿತು, ಪಾರ್ವತಿ ಒಲೆಯ ಮುಂದಿನಿಂದ ಏಳಲಿಲ್ಲ. ಮೊದಲಿಗಿಂತ ಹೆಚ್ಚು ಗದ್ದಲವಾಯಿತು.

ಸುಜಾತಾ ಮೆಟ್ಟಿಲ ಮೇಲೆ ಕುಳಿತು ಇದನ್ನೆಲ್ಲ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಾವಾರ, ನಮ್ಮ ಮಷಿನ್‌ನ್ಯಾಗೂ ಹಿಂಗಾ ಆಗ್ತದ್ರಿ. ಎಷ್ಟು ಪ್ರೊಸೆಸರ್ ಇದ್ರೂ ನಾವು ನೋಡಿ ಹಂಚದಿದ್ರ, ಬಂದ ಇಂಟರಪ್ಟ್ ಎಲ್ಲಾ ಹೋಗಿ ಸೊನ್ನೆ ನಂಬರಿನವನ ತಲಿ ಮ್ಯಾಲ ಬೀಳ್ತಾವು."

"ಅಂದ್ರ ಈ ಮನ್ಯಾಗ ಸೊನ್ನಿ ನಾನು?"

"ಅಯ್ಯ, ನಮ್ಮಲ್ಲಿ ಎಣಿಕಿ ಸೊನ್ನಿಯಿಂದ ಶುರು ಆಗ್ತದ. ಮೊದಲನೇದಕ್ಕೇ ಸೊನ್ನಿ ಅಂತೀವಿ."

ಅರಕೇರಾದಿಂದ ಬಂದು ಇಷ್ಟು ವರ್ಷ ದುಡಿದು ಒಂದನೆಯವನಾದೆ ಎಂದುಕೊಂಡರೆ, ಅಲ್ಲಿ ಒಂದನೆಯವನೇ ಸೊನ್ನೆಯಂತೆ. ಇದು ಹೊಗಳಿಕೆಯೋ ತೆಗಳಿಕೆಯೋ ನಾನು ಇನ್ನೂ ನಿಶ್ಚಯಿಸಿಲ್ಲ. "ಹಂಗಾದ್ರ ಉಪಾಯ ಏನು?" ಎಂದು ಕೇಳಿದೆ. ಅವಳು ಹೇಳಿದಳು, ಈಗಿನ ಹೊಸ ಪದ್ಧತಿಯಲ್ಲಿ ದಲ್ಲಾಳಿ ಮೊದಲಿಗೆ ಪಟ್ಟಿ ಹಾಕಿಕೊಟ್ಟು ಪಕ್ಕಕ್ಕೆ ಸರಿಯುತ್ತಾನಂತೆ. ಆಮೇಲೆ ಬೆಲ್ಲು ನೆಟ್ಟಗೆ ಗೆಸ್ಟಿಗೇ ಹೋಗುತ್ತದೆ, ನಡುವೆ ದಲ್ಲಾಳಿಯನ್ನು ಎಬ್ಬಿಸುವುದಿಲ್ಲ.

"ಎಬ್ಬಿಸದಿದ್ರ ಅಂವ ಏನು ಮಾಡ್ತಾನ?"

"ಮಕ್ಕೋತಾನ್ರಿ."

ಹೀಗೆ ನನ್ನ ಸೊಸೆ, ನನ್ನದೇ ಮನೆಯ ಮಹಡಿಯ ಮೇಲೆ ಕುಳಿತು, ದಲ್ಲಾಳಿಯನ್ನು ಮಲಗಿಸುವ ವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದಾಳೆಂದು ತಿಳಿಯಿತು. ಅಂದು ಮಧ್ಯಾಹ್ನ ಊಟವಾದ ಮೇಲೆ ನಾನು ಹಟಕ್ಕೆ ಮಲಗಲಿಲ್ಲ.

ಶುಕ್ರವಾರ ಬಂತು. ಬುದ್ಧಿವಂತಿಕೆ ಸೋತಲ್ಲಿ ದೇಹವನ್ನೇ ಅಡ್ಡ ಹಾಕಬೇಕು ಎಂಬುದು ನನ್ನ ಅನುಭವ. ಬೆಳಿಗ್ಗೆ ಬೆಲ್ಲಿನ ವೈರು ಬಿಡಿಸಲು ಎಲೆಕ್ಟ್ರಿಷಿಯನ್‌ನನ್ನು ಹುಡುಕಿಕೊಂಡು ಹೋದೆ, ಅವನು ಸಿಗಲಿಲ್ಲ. ತಿರುಗಿ ಬಂದು ಕೆಳಗಿನ ಅಂತಸ್ತಿನ ಫ್ಯೂಜನ್ನೇ ಕಿತ್ತು ಜೇಬಿಗೆ ಹಾಕಿಕೊಂಡೆ. ಬೆಲ್ಲು ಸತ್ತಿತು. ಜೊತೆಗೆ ಫ್ಯಾನೂ ಸತ್ತಿತು. ರಾಯಚೂರಿನ ಬಿಸಿಲಿನಲ್ಲಿ ಫ್ಯಾನು ನಿಲ್ಲಿಸಿದವನನ್ನು ಹೆಂಡತಿಯಾದವಳು ಸುಮ್ಮನೆ ಬಿಡುವುದುಂಟೇ. ಆದರೆ ಪಾರ್ವತಿ ಒಂದು ಮಾತೂ ಆಡಲಿಲ್ಲ. ಬೀಸಣಿಗೆ ಹಿಡಿದು ತಣ್ಣನೆಯ ನೆಲದ ಮೇಲೆ ಕುಳಿತಳು. ಮಿಕ್ಸರ್ ಇಲ್ಲ, ಕುಕ್ಕರ್ ಕೂಗಬಾರದು ಎಂದರೆ "ಆತು" ಎಂದಳು. ನಿಂಗಪ್ಪ ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದ. ನನಗೆ ಆಗಲೇ ಅನುಮಾನ ಬರಬೇಕಿತ್ತು.

"ಸುಜಾತಾ ಊಟ ಮಾಡಿದಳೇನು?" ಎಂದು ಪಿಸುಗುಟ್ಟಿದೆ.

"ಆಕಿ ಊಟದ ಚಿಂತಿ ನೀವು ಮಾಡಬ್ಯಾಡ್ರಿ."

"ಆಕಿ ಮಷಿನ್‌ಗೆ ಕರೆಂಟು?"

"ಎಲ್ಲಾ ಅದ. ನೀವು ಹೊರಗ ನೋಡ್ಕೋರಿ."

ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿ ಕುಳಿತೆ. ಎದುರಿನ ಡಬ್ಬಿ ಅಂಗಡಿಯವನಿಗೆ, ನಾನು ಕೈ ಎತ್ತಿದಾಗಲೆಲ್ಲ ಚಹ ಕಳಿಸಬೇಕೆಂದು ಹೇಳಿಟ್ಟಿದ್ದೆ. ಬಂದವರಿಗೆಲ್ಲ ಅಲ್ಲೇ ಚಹ, ಅಲ್ಲೇ ಪಿಸುಮಾತು, ಅಲ್ಲಿಂದಲೇ ವಾಪಸ್ಸು. ತರಕಾರಿ ಗಾಡಿಯವನಿಗೆ ನ್ಯಾಯ ಹೇಳಿ ಬಾಯಿ ಮುಚ್ಚಿಸಿದೆ. ಅವನು ಕೂಗದೆ ಓಣಿಯುದ್ದಕ್ಕೂ ಗಾಡಿ ತಳ್ಳಿಕೊಂಡು ಹೋದ. ಯಾವ ಬಾಗಿಲೂ ತೆರೆಯಲಿಲ್ಲ. ಆ ತುದಿ ಮುಟ್ಟಿ, ತಿರುಗಿ ನಿಂತು, ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ನಡುನಡುವೆ ನಾನು ಮಹಡಿಯ ಕಿಟಕಿಗೆ ಕಿವಿ ಕೊಡುತ್ತಿದ್ದೆ. ಒಂದು ಸಪ್ಪಳವಿಲ್ಲ. ಎಂಥ ಹುಡುಗಿ, ಕೆಮ್ಮು ಕೂಡ ಇಲ್ಲದೆ ಕೆಲಸ ಮಾಡುತ್ತಾಳೆ ಎಂದು ಹೆಮ್ಮೆಪಟ್ಟೆ.

ಅಷ್ಟರಲ್ಲಿ ದೇವದುರ್ಗದಿಂದ ಒಬ್ಬ ರೈತ ಬಂದ. ಮಾನ್ವಿಯ ಹಳೆಯ ಭತ್ತ ಕೊಯ್ಯುವ ಮಷಿನ್ನೊಂದನ್ನು ಯಾರಿಗಾದರೂ ಕೊಡಿಸಬೇಕೆಂದು ನಾನು ಬಹಳ ದಿನದಿಂದ ಒದ್ದಾಡುತ್ತಿದ್ದೆ. ಇವನು ಕೊಳ್ಳಲೇಬೇಕೆಂದು ನಿಶ್ಚಯಿಸಿ, ಕೊರಳಿಗೆ ಟವೆಲು ಹಾಕಿಕೊಂಡು ಬಂದಿದ್ದ. ಎಂಥ ಸುದಿನ. ಆದರೆ ನಾನು ಅವನಿಗೆ ಮಷಿನ್ನಿನ ಗುಣಗಾನವನ್ನು ಕಿವಿಯಲ್ಲಿ ಹೇಳಬೇಕಾಯಿತು.

"ಯಾಕ್ರೀ ಸಾವಕಾರ್ರ, ಪಿಸಿಪಿಸಿ ಮಾತಾಡ್ತೀರಿ? ಗಂಟಲಾಗ ಏನರ ಆಗೇದೇನು?"

"ಏನಿಲ್ಲ. ಸಾವಕಾಶ ಮಾತಾಡ್ರಿ, ಒಳಗ ಕೇಳಸ್ತದ."

"ಯಾರಿಗೆ ಕೇಳಸ್ತದ?" ಅವನು ಹಿಂದೆ ಮುಂದೆ ನೋಡಿದ. "ಮಷಿನ್ ಕಾಗದ ಅದಾವೇನು?"

"ಅದಾವು. ಮನ್ಯಾಗ ಅದಾವು. ಈಗ ಒಳಗ ಹೋಗಾಕ ಬರಂಗಿಲ್ಲ."

ಅವನು ಚಹದ ಕಪ್ಪನ್ನು ಅರ್ಧಕ್ಕೇ ಕೆಳಗಿಟ್ಟ. "ನೋಡ್ರಿ, ನಮ್ಮದು ಮರ್ಯಾದಿ ಮನಿತನ. ಕಳವಿನ ಮಾಲು ನಮಗ ಬ್ಯಾಡ" ಎಂದು ಎದ್ದ.

ನನ್ನ ಜೀವನದಲ್ಲಿ ಎದ್ದು ಹೋದ ಗಿರಾಕಿಯನ್ನು ನಾನು ಬಿಟ್ಟದ್ದೇ ಇಲ್ಲ. ಒಂದು ಪೂರ್ತಿ ದನಿ ಕೂಗಿದ್ದರೆ ಓಣಿಯ ತುದಿಯಿಂದ ಅವನು ತಿರುಗಿ ಬರುತ್ತಿದ್ದ. ಬಾಯಿ ತೆರೆದೆ. ಮಹಡಿಯ ಕಿಟಕಿ ನೋಡಿದೆ. ರೊಟ್ಟಿ ಮುರಿದು ತಿನ್ನದೆ ಕುಳಿತ ಆ ಇಬ್ಬರ ಮುಖ ನೆನಪಾಯಿತು. ಬಾಯಿ ಮುಚ್ಚಿದೆ. ಅವನು ತಿರುವಿನಲ್ಲಿ ಮರೆಯಾದ.

ಬಿಸಿಲು ಇಳಿಯುವ ಹೊತ್ತಿಗೆ ಗೇಟಿನ ಮುಂದೆ ಒಂದು ಆಟೋ ಬಂದು ನಿಂತಿತು. ನಾನು ಎದ್ದು, ತುಟಿಯ ಮೇಲೆ ಬೆರಳಿಟ್ಟು, ಸಪ್ಪಳ ಮಾಡಬೇಡಿರೆಂದು ಸನ್ನೆ ಮಾಡುತ್ತ ಹೋದೆ. ಆಟೋದಿಂದ ಮೊದಲು ಇಳಿದವನು ಮಲ್ಲಿಕಾರ್ಜುನ. ಅವನ ಹಿಂದೆ, ಕಂಪ್ಯೂಟರಿನ ಚೀಲ ಹೆಗಲಿಗೆ ಹಾಕಿಕೊಂಡು ಇಳಿದವಳು ಸುಜಾತಾ.

ನಾನು ಅವಳನ್ನು ನೋಡಿದೆ. ಮಹಡಿಯ ಕಿಟಕಿಯನ್ನು ನೋಡಿದೆ. ಮತ್ತೆ ಅವಳನ್ನು ನೋಡಿದೆ. ಇದ್ದಂಗ ಇರ್ತಾವು, ಮುಟ್ಟಾಕ ಹೋದ್ರ ಇಲ್ಲ ಎಂದು ಅವಳು ಹೇಳಿದ್ದು ಇದನ್ನೇ ಇರಬೇಕು ಎನಿಸಿತು.

"ಆತು ಮಾವಾರ" ಎಂದಳು. ಮುಖ ಅರಳಿತ್ತು. "ನನ್ನ ಪಟ್ಟಿ ಒಪ್ಪಿಕೊಂಡ್ರು. ರಾಯಚೂರಾಗಾ ಇರು ಅಂದ್ರು. ಅಷ್ಟು ಶಾಂತ ಇತ್ತಲ್ಲ, ಮ್ಯಾನೇಜರ್ ಎರಡು ಸರ್ತಿ ಕೇಳಿದ್ರು, ಲೈನ್‌ನ್ಯಾಗ ಅದೀರೋ ಇಲ್ಲೋ ಅಂತ."

"ಎಲ್ಲಿಂದ ಮಾಡಿದಿ?"

"ಮಾನ್ವಿ ಕಾಲೇಜಿನಿಂದ್ರಿ. ಇವ್ರು ಒಂದು ಖಾಲಿ ಕೋಣಿ ಕೇಳಿ ಇಟ್ಟಿದ್ರು. ಮುಂಜಾನೆ ನೀವು ಎಲೆಕ್ಟ್ರಿಷಿಯನ್ ಹುಡುಕಾಕ ಹೋದಾಗ ಹೋದ್ವಿ."

"ಹಂಗಾದ್ರ ಮ್ಯಾಲ ಯಾರಿದ್ರು?"

"ಯಾರೂ ಇದ್ದಿಲ್ರಿ."

ಅಷ್ಟರಲ್ಲಿ ಪಾರ್ವತಿ ಬೀಸಣಿಗೆ ಹಿಡಿದು ಹೊರಗೆ ಬಂದಳು. ಅವಳ ಹಿಂದೆ ನಿಂಗಪ್ಪ. ಇಬ್ಬರಿಗೂ ಎಲ್ಲ ಗೊತ್ತಿತ್ತು. "ನನಗೊಬ್ಬಗ ಯಾಕ ಹೇಳಲಿಲ್ಲ?" ಎಂದು ಕೇಳಿದೆ. ದನಿ ತಾನಾಗಿಯೇ ಪಿಸುಗುಟ್ಟಿತು, ಮಧ್ಯಾಹ್ನದ ರೂಢಿ.

"ಹೇಳಿದ್ರ ನೀವೂ ಮಾನ್ವಿಗೆ ಹೊಂಟು ನಿಲ್ತಿದ್ರಿ" ಎಂದಳು ಪಾರ್ವತಿ. "ಕಾಲೇಜಿನ ಬಾಗಲದಾಗ ಕುಂತು ಪ್ರಿನ್ಸಿಪಾಲ್‌ರಿಗೆ ಚಾ ಕುಡಸ್ತಿದ್ರಿ. ಈಗ ಆ ಫ್ಯೂಜ್ ಕೊಡ್ರಿ, ಮೈ ಬೆಂದು ಹೋಗೇದ."

ಫ್ಯೂಜು ಕೊಟ್ಟೆ. ದೇವದುರ್ಗದ ರೈತನ ಸುದ್ದಿ ಯಾರಿಗೂ ಹೇಳಲಿಲ್ಲ. ಆದರೆ ಡಬ್ಬಿ ಅಂಗಡಿಯವನು ಹೇಳಿಬಿಟ್ಟಿದ್ದಾನೆ. ಸಂಜೆ ಸುಜಾತಾ ತಾನೇ ಚಹ ತಂದುಕೊಟ್ಟು, ಎದುರು ಕುಳಿತು, "ಒಂದು ಸರ್ತಿ ಒದರಬೇಕಿತ್ತಲ್ರಿ ಮಾವಾರ" ಎಂದಳು. ನಾನು ಚಹ ಚೆನ್ನಾಗಿದೆ ಎಂದೆ.

ಈಗ ನಮ್ಮ ಮನೆಯಲ್ಲಿ ಹೊಸ ಪದ್ಧತಿ ಬಂದಿದೆ. ಅತ್ತೆ ಸೊಸೆ ಒಳಗೆ ಕುಳಿತು ಹಾಕಿಕೊಂಡದ್ದು, ಒಮ್ಮೆಲೇ ಜಾರಿಗೆ ತಂದದ್ದು. ನಾಲ್ಕೂ ಗುಂಡಿ ಸುಮ್ಮನಾಗಿವೆ, ಗೇಟಿಗೆ ಮತ್ತೆ ಒಂದೇ ಬೆಲ್ಲು, ಅದು ಸದ್ದು ಮಾಡುವುದು ತೂಗುಮಂಚದ ಪಕ್ಕದಲ್ಲಿ. ನಿಂಗಪ್ಪ ಎದ್ದು ಹೋಗಿ ಬಂದವರನ್ನು ಬಾಗಿಲಲ್ಲೇ "ಯಾರನ್ನ ಕೇಳಿ ಬಂದೀರಿ?" ಎನ್ನುತ್ತಾನೆ. ಮನೆಯ ಯಜಮಾನ ಕೇಳಿದರೆ ಅದು ಅವಮಾನ. ಬಂದವನೊಬ್ಬ ಇನ್ನೊಬ್ಬ ಬಂದವನನ್ನು ಕೇಳಿದರೆ ಅದು ಬರೀ ಮಾತುಕತೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪಾರ್ಸಲ್ಲು ನೆಟ್ಟಗೆ ಮೇಲೆ ಹೋಗುತ್ತದೆ, ಓಣಿಯ ಹೆಂಗಸರು ನೆಟ್ಟಗೆ ಅಡುಗೆಮನೆಗೆ ಹೋಗುತ್ತಾರೆ. ನನ್ನನ್ನು ಯಾರೂ ಎಬ್ಬಿಸುವುದಿಲ್ಲ. ಮಧ್ಯಾಹ್ನ ಒಳ್ಳೆಯ ನಿದ್ದೆ ಬರುತ್ತಿದೆ ಎಂದು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ.

ಒಂದೇ ಒಂದು ಸಂಗತಿ ನನಗೆ ಬಗೆಹರಿದಿಲ್ಲ. ಗೇಟಿನ ಕಂಬಕ್ಕೆ ನಾನು ಹಾಕಿಸಿದ ಹೆಸರಿನ ಬೋರ್ಡು ಇನ್ನೂ ಹಾಗೇ ಇದೆ. ಗುಂಡಿಗಳೇ ಸತ್ತ ಮೇಲೆ ಬೋರ್ಡು ಯಾಕೆಂದು ಮೊನ್ನೆ ನಾನೇ ಸ್ಕ್ರೂಡ್ರೈವರ್ ಹಿಡಿದು ಹೋದೆ. ಸುಜಾತಾ ಮಹಡಿಯಿಂದ ನೋಡಿ ಕೆಳಗೆ ಇಳಿದು ಬಂದಳು.

"ಇರಲಿ ಬಿಡ್ರಿ ಮಾವಾರ. ಹಳೇ ಬೋರ್ಡ್ ಓದೋರು ಇನ್ನೂ ಅದಾರ" ಎಂದಳು.

"ಯಾರು?" ಎಂದೆ. ಅವಳು ಅಂದಿನ ಹಾಗೇ ನಕ್ಕು ಮೇಲೆ ಹೋದಳು. ಅಂದಿನಿಂದ ದಿನಾ ಸಂಜೆ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು, ಅದು ಯಾರೆಂದು ಕಾಯುತ್ತಿದ್ದೇನೆ. ಜನ ಬರುತ್ತಾರೆ, ಹೋಗುತ್ತಾರೆ. ಈವರೆಗೆ ನನ್ನ ಹೊರತು ಒಬ್ಬರೂ ಆ ಬೋರ್ಡಿನ ಕಡೆ ತಲೆ ಎತ್ತಿ ನೋಡಿದ್ದಿಲ್ಲ.